ಲದ್ದಿ ಎತ್ತಿದ ಮೇಲೆ ಉಳಿಯುವುದು

ಸುಮಾರು 450 ಕಿಲೋ ತೂಗುವ ಕುದುರೆಯೊಂದು ದಿನಕ್ಕೆ 15 ಕಿಲೋದಷ್ಟು ಲದ್ದಿ ಹಾಕುತ್ತದೆ. ಜೊತೆಗೆ ಏಳೆಂಟು ಲೀಟರ್ ಮೂತ್ರ. ನೆಲಕ್ಕೆ ಹರಡಿದ ಹುಲ್ಲು ಇಲ್ಲವೇ ಮರದ ಪುಡಿಯ ಒದ್ದೆಯಾದ ಹಾಸನ್ನೂ ಲೆಕ್ಕಕ್ಕೆ ಹಿಡಿದರೆ ಒಂದೇ ಕುದುರೆಯ ಕೋಣೆಯಿಂದ ವರ್ಷಕ್ಕೆ ಹತ್ತು ಟನ್ನಿನ ಆಸುಪಾಸು ಕಸ ಹೊರಗೆ ಹೋಗಬೇಕು. ಬೆಂಗಳೂರು, ಮೈಸೂರಿನ ರೇಸ್ ಲಾಯಗಳಲ್ಲಿ ಕುದುರೆ ನೋಡಿಕೊಳ್ಳುವ ಸೈಸ್‌ಗಳ ಬೆನ್ನು ಬಗ್ಗುವುದು ಈ ಹೊರೆಗೇ. ಆದರೆ ಎಷ್ಟು ಎತ್ತಿದರು ಎನ್ನುವುದಕ್ಕಿಂತ ಯಾವುದನ್ನು ಎತ್ತಿದರು ಎನ್ನುವುದು ಮುಖ್ಯ. ಲದ್ದಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರಾದರೂ ಎತ್ತುತ್ತಾರೆ. ಕುದುರೆಯ ಶ್ವಾಸಕೋಶವನ್ನು ಕೆಡಿಸುವುದು ಹಾಸಿನ ಅಡಿಗೆ ಇಳಿದು ಕೂತ ಮೂತ್ರ.

ಮೂತ್ರದಲ್ಲಿರುವ ಯೂರಿಯಾಕ್ಕೆ ವಾಸನೆಯೇ ಇಲ್ಲ. ಲದ್ದಿಯಲ್ಲೂ ನೆಲದಲ್ಲೂ ಇರುವ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಅದು ಯೂರಿಯಾವನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ, ಮೂಗಿಗೆ ಹೊಡೆಯುವ ಘಾಟು ಅದರದ್ದು. ಲದ್ದಿ, ಮೂತ್ರ ಎರಡೂ ಬೆರೆತು, ತೇವ ಉಳಿದು, ಮೇಲೆ ಸೆಕೆಯೂ ಸೇರಿದರೆ ಈ ಕ್ರಿಯೆ ಭರದಿಂದ ಸಾಗುತ್ತದೆ. ಕುದುರೆಯ ಮೂತ್ರವೇ ಕ್ಷಾರೀಯ. ಅದರಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ ಸಣ್ಣ ಹರಳುಗಳಿರುವುದರಿಂದ ಕದಡಿದ ನೀರಿನಂತೆ ಕಾಣುತ್ತದೆ. ಹೊಸದಾಗಿ ಕುದುರೆ ಸಾಕಿದವರು ಅದನ್ನು ನೋಡಿ ಕಾಯಿಲೆಯೆಂದು ಗಾಬರಿಯಾಗುವುದುಂಟು, ಗಾಬರಿಯಾಗಬೇಕಿಲ್ಲ. ಆಮ್ಲೀಯ ಒದ್ದೆಯಲ್ಲಿ ಅಮೋನಿಯಾ ಅಮೋನಿಯಂ ಆಗಿ ನೀರಿನೊಳಗೇ ಉಳಿಯುತ್ತದೆ. ಕ್ಷಾರ ಹೆಚ್ಚಿದಷ್ಟೂ ಅನಿಲವಾಗಿ ಗಾಳಿಗೆ ಏಳುತ್ತದೆ.

ಇಷ್ಟು ತಿಳಿದರೆ ನಮ್ಮ ಹಳೆಯ ಅಭ್ಯಾಸವೊಂದು ತಲೆಕೆಳಗಾಗುತ್ತದೆ. ನೆಲ ನಾರಿದರೆ ಸುಣ್ಣ ಎರಚುವುದು ರೂಢಿ. ಸುಣ್ಣ ಪ್ರಬಲ ಕ್ಷಾರ. ಒದ್ದೆ ಹಾಸಿನ ಮೇಲೆ ಎರಚಿದರೆ ನೀರಿನಲ್ಲಿ ಉಳಿದಿದ್ದ ಅಮೋನಿಯಾವನ್ನೂ ಅದು ಗಾಳಿಗೆ ಅಟ್ಟುತ್ತದೆ. ಸುಣ್ಣ ರೋಗಾಣುಗಳನ್ನು ಕೊಲ್ಲುವುದು ನಿಜ. ಅದಕ್ಕಾಗಿ ಬೇಕೆಂದರೆ ಒದ್ದೆಯನ್ನೆಲ್ಲ ತೆಗೆದು, ಕುದುರೆಯನ್ನು ಹೊರಗೆ ಕಟ್ಟಿ, ಬರಿ ನೆಲಕ್ಕೆ ತೆಳ್ಳಗೆ ಹಾಕಿ, ಆಮೇಲೆ ಗುಡಿಸಿಬಿಡಬೇಕು. ಘಾಟು ತಡೆಯುವುದೇ ಉದ್ದೇಶವಾದರೆ ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಜಿಯೋಲೈಟ್ ಖನಿಜದ ಪುಡಿ ಮೇಲು. ಬ್ಲೀಚಿಂಗ್ ಪೌಡರ್ ಸಹವಾಸವಂತೂ ಬೇಡ: ಅದರ ಕ್ಲೋರಿನ್ ಅಮೋನಿಯಾದೊಡನೆ ಸೇರಿದರೆ ಕ್ಲೋರಮೀನ್ ಎಂಬ ವಿಷಾನಿಲ ಏಳುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು ಮನುಷ್ಯನಿಗೂ ಅಪಾಯ.

ಘಾಟು ಎಷ್ಟಿದೆಯೆಂದು ಅಳೆಯಲು ನಮ್ಮ ಮೂಗನ್ನು ನಂಬುವಂತಿಲ್ಲ. ಸ್ವಲ್ಪ ಹೊತ್ತು ಒಳಗಿದ್ದರೆ ಅದು ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದವರು ಮುಖ ಸಿಂಡರಿಸಿದರೆ ಒಳಗಿದ್ದವರು ಕಾರಣ ಕೇಳುತ್ತಾರೆ. ನಿಂತು ಉಸಿರೆಳೆದರಂತೂ ಸತ್ಯ ಗೊತ್ತಾಗುವುದೇ ಇಲ್ಲ. ಅಮೋನಿಯಾ ಗಾಳಿಗಿಂತ ಹಗುರವಾದರೂ ಹುಟ್ಟುವುದು ನೆಲದಲ್ಲಿ, ಹಾಗಾಗಿ ಅಲ್ಲೇ ದಟ್ಟ. ಕುದುರೆ ತಲೆ ತಗ್ಗಿಸಿ ಹುಲ್ಲು ತಿನ್ನುವುದೂ, ಮರಿ ದಿನದಲ್ಲಿ ಬಹಳ ಹೊತ್ತು ಮಲಗಿ ಕಳೆಯುವುದೂ ಆ ಮಟ್ಟದಲ್ಲೇ. ಕೂತು, ಮೊಣಕಾಲಿನ ಎತ್ತರದಲ್ಲಿ ಮೂಸಿ ನೋಡಿ. ಕುದುರೆ ಬಾಯಿಂದ ಉಸಿರಾಡಲಾರದು, ಏನಿದ್ದರೂ ಮೂಗಿನಿಂದಲೇ. ಶ್ವಾಸನಾಳದ ಒಳಮೈಯಲ್ಲಿರುವ ಸೂಕ್ಷ್ಮ ರೋಮಗಳು ಧೂಳನ್ನೂ ಕಫವನ್ನೂ ಮೇಲಕ್ಕೆ ತಳ್ಳುತ್ತಿರಬೇಕು. ಅಮೋನಿಯಾ ಅವನ್ನು ಕುಂಠಿತಗೊಳಿಸುತ್ತದೆ. ಓಡುವಾಗ ನಿಮಿಷಕ್ಕೆ ಸಾವಿರ ಲೀಟರಿಗೂ ಮಿಕ್ಕಿ ಗಾಳಿ ಎಳೆಯುವ ಪ್ರಾಣಿಗೆ ಇದು ಸಣ್ಣ ನಷ್ಟವಲ್ಲ.

ಹಾಗಾದರೆ ಕೆಲಸದ ಕ್ರಮ ಹೇಗಿರಬೇಕು? ಮೊದಲು ಕುದುರೆ ಹೊರಗೆ, ನೀರಿನ ಬಕೆಟ್ಟೂ ಹುಲ್ಲೂ ಹೊರಗೆ. ಹಾಸು ಕೆದಕಿದ ಕೂಡಲೇ ಧೂಳೂ ಬೂಸಲಿನ ಕಣಗಳೂ ಎದ್ದು ಬಹಳ ಹೊತ್ತು ತೇಲುತ್ತವೆ, ಕುದುರೆಗಳ ಅಸ್ತಮಾಕ್ಕೆ ಮುಖ್ಯ ಕಾರಣವೇ ಅವು. ಮೇಲೆ ಕಾಣುವ ಲದ್ದಿಯನ್ನು ಫೋರ್ಕಿನಿಂದ ಮೊದಲು ಎತ್ತಬೇಕು. ಆಮೇಲೆ ಒಣ ಹಾಸನ್ನು ಗೋಡೆಯ ಕಡೆಗೆ ಎಸೆಯುತ್ತ ಹೋದರೆ ಒಳಗೆ ಅಡಗಿದ್ದ ಲದ್ದಿಯ ಉಂಡೆಗಳು ಭಾರಕ್ಕೆ ಉರುಳಿ ಕೆಳಗೆ ಬರುತ್ತವೆ, ಹಗುರವಾದ ಹುಲ್ಲು ಗುಡ್ಡೆಯ ಮೇಲೆ ಉಳಿಯುತ್ತದೆ. ಬೇರ್ಪಡಿಸುವ ಕೆಲಸವನ್ನು ಗುರುತ್ವವೇ ಮಾಡಿಕೊಡುತ್ತದೆ. ಒದ್ದೆ ಜಾಗ ಹುಡುಕುವುದಕ್ಕೂ ಸುಳಿವುಂಟು. ಗಂಡು ಸಾಮಾನ್ಯವಾಗಿ ಕೋಣೆಯ ನಡುವೆ, ಹೆಣ್ಣು ಹಿಂಬದಿಯ ಗೋಡೆಯ ಹತ್ತಿರ. ಅಂಗರಚನೆ ನೆನೆದರೆ ಕಾರಣ ಹೇಳಬೇಕಿಲ್ಲ. ಆ ಜಾಗವನ್ನು ನೆಲ ಕಾಣುವ ತನಕ ಕೆರೆದು ತೆಗೆದು, ಕುದುರೆ ಹೊರಗಿರುವಷ್ಟು ಹೊತ್ತೂ ಗಾಳಿಗೆ ಒಣಗಲು ಬಿಡಬೇಕು. ಇಡೀ ಹಾಸನ್ನು ದಿನವೂ ಬದಲಿಸುವವರು ಶುಚಿಯ ಹೆಸರಿನಲ್ಲಿ ದುಡ್ಡನ್ನೂ ಬೆನ್ನನ್ನೂ ಹಾಳುಮಾಡಿಕೊಳ್ಳುತ್ತಾರೆ. ಅವರು ಹೊತ್ತು ಹಾಕುವುದರಲ್ಲಿ ಹೆಚ್ಚಿನದು ಒಣಗಿದ್ದೇ ಆಗಿರುತ್ತದೆ.

ಪೈಪು ಹಿಡಿದು ತೊಳೆಯುವುದೂ ಇದೇ ಜಾತಿಯ ಉತ್ಸಾಹ. ಬೇಸಗೆಯಲ್ಲಿ ನಡೆದೀತು. ಮಳೆಗಾಲದಲ್ಲಿ ನೆಲ ಸಂಜೆಯಾದರೂ ಒಣಗುವುದಿಲ್ಲ, ಒದ್ದೆಯಲ್ಲೇ ನಿಂತ ಗೊರಸಿನ ಅಡಿಯ ಸಂದುಗಳಲ್ಲಿ ಕಪ್ಪಗೆ ಕೊಳೆತು ನಾರುವ ಸೋಂಕು ಹಿಡಿಯುತ್ತದೆ. ಫಿನೈಲಿನಂಥ ಔಷಧಗಳೂ ಲದ್ದಿಯ ಪದರದ ಮೇಲೆ ಸುರಿದರೆ ಬಲ ಕಳೆದುಕೊಳ್ಳುತ್ತವೆ. ಮೊದಲು ಉಜ್ಜುವುದು, ಆಮೇಲೆ ಔಷಧ.

ಹಾಸನ್ನು ತೆಳ್ಳಗೆ ಮಾಡಿ ಉಳಿಸಲು ಹೋಗುವುದೂ ತಪ್ಪು. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎನ್ನುವುದು ಅರ್ಧ ಸತ್ಯ. ಕಣ್ಣುಗುಡ್ಡೆ ಹೊರಳುವ ಗಾಢ ಕನಸಿನ ನಿದ್ದೆಗೆ ಅದು ಮಲಗಲೇಬೇಕು, ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟಾದರೂ. ನೆಲ ಗಟ್ಟಿಯಾಗಿದ್ದರೆ, ಒದ್ದೆಯಾಗಿದ್ದರೆ ಮಲಗಲು ಒಲ್ಲದು. ನಿದ್ದೆಗೆಟ್ಟ ಕುದುರೆ ನಿಂತಲ್ಲೇ ತೂಕಡಿಸಿ ಮುಂಗಾಲು ಕುಸಿದು ಮುಗ್ಗರಿಸುವುದುಂಟು.

ಗುಡಿಸುವವರು ಪಶುವೈದ್ಯರ ಮೊದಲ ಕಣ್ಣು ಎಂಬುದನ್ನು ಮಾಲೀಕರು ಮರೆಯುತ್ತಾರೆ. ಆರೋಗ್ಯವಂತ ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುತ್ತದೆ. ಬೆಳಗ್ಗೆ ಗುಡ್ಡೆಗಳು ಕಡಮೆಯಾಗಿದ್ದರೆ, ಉಂಡೆ ಒಣಗಿ ಚಿಕ್ಕದಾಗಿದ್ದರೆ, ಹಾಸೆಲ್ಲ ಹೊರಳಾಡಿ ಕೆದರಿದ್ದರೆ ಹೊಟ್ಟೆಶೂಲೆಯ ಗುಮಾನಿ ಪಡಬೇಕು. ಆ ಸುಳಿವನ್ನು ಫೋರ್ಕ್ ಹಿಡಿದವರು ಎತ್ತಿ ಎಸೆಯುವ ಮುನ್ನ ನೋಡಿರಬೇಕು. ಅವರ ಆರೋಗ್ಯದ ಮಾತೂ ಇದೆ. ಧನುರ್ವಾಯುವಿನ ಬೀಜಕಣಗಳು ಲಾಯದ ಮಣ್ಣಿನಲ್ಲಿ, ಲದ್ದಿಯಲ್ಲಿ ಸಾಮಾನ್ಯ. ಕೈಗೆ ತರಚು ಗಾಯವಾದರೂ ಸಾಕು, ಧನುರ್ವಾಯುವಿನ ಚುಚ್ಚುಮದ್ದು ಬಾಕಿ ಇರಬಾರದು.

ಇನ್ನು ತಿಪ್ಪೆ. ಸೆಕೆಯ ದಿನಗಳಲ್ಲಿ ಮನೆನೊಣ ಮೊಟ್ಟೆಯಿಂದ ರೆಕ್ಕೆ ಬಿಚ್ಚಲು ಏಳರಿಂದ ಹತ್ತು ದಿನ ಸಾಕು. ರಕ್ತ ಹೀರುವ ಲಾಯದ ನೊಣಕ್ಕೆ ಮೂತ್ರ ಹೀರಿದ ಹುಲ್ಲು ಇನ್ನೂ ಪ್ರಿಯ. ವಾರದೊಳಗೆ ಕಸ ದೂರ ಹೋದರೆ, ಇಲ್ಲವೇ ಕಾವೇರಿದ ಗೊಬ್ಬರದ ರಾಶಿಯೊಳಗೆ ಸೇರಿದರೆ ಸಂತತಿ ಮುರಿಯುತ್ತದೆ. ಸರಿಯಾಗಿ ತೇವವೂ ಗಾಳಿಯೂ ಸಿಕ್ಕ ರಾಶಿಯ ಒಡಲು 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಹೀಗೆ ಕೆಲವು ದಿನ ಕುದಿದರೆ ಜಂತುಹುಳುವಿನ ಮೊಟ್ಟೆ, ಕಳೆಬೀಜ ಬಹುಮಟ್ಟಿಗೆ ಸಾಯುತ್ತವೆ. ಅಂಚಿನದು ತಣ್ಣಗೇ ಉಳಿಯುವುದರಿಂದ ಮಗುಚಬೇಕು. ಹಾಸಾಗಿ ಹುಲ್ಲು ಬಳಸಿದ್ದರೆ ಗೊಬ್ಬರ ಬೇಗ ಪಕ್ವ. ಮರದ ಪುಡಿಯಲ್ಲಿ ಇಂಗಾಲ ವಿಪರೀತ, ಸಾರಜನಕ ತೀರಾ ಕಡಮೆ. ಅದು ಹಸಿಯಾಗಿ ಹೊಲಕ್ಕೆ ಹೋದರೆ ಕೊಳೆಸುವ ಬ್ಯಾಕ್ಟೀರಿಯಾಗಳು ಮಣ್ಣಿನ ಸಾರಜನಕವನ್ನೇ ಕಸಿದುಕೊಳ್ಳುವುದರಿಂದ ಬೆಳೆ ಹಳದಿಯಾಗುತ್ತದೆ. ಲಾಯದ ಗೊಬ್ಬರ ಕೊಳ್ಳುವ ರೈತರು ಹಾಸು ಯಾವುದೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಹುಲ್ಲು ಬೆರೆತ ಲದ್ದಿಗೆ ಬೇಡಿಕೆ ಹಿಂದಿನಿಂದಲೂ ಇದೆ: ಪ್ಯಾರಿಸಿನ ಹಳೆಯ ಕಲ್ಲುಗಣಿಗಳಲ್ಲಿ ಗುಂಡಿ ಅಣಬೆ ಬೆಳೆದದ್ದು ಕುದುರೆ ಲದ್ದಿಯ ಗೊಬ್ಬರದ ಮೇಲೆ, ಇಂದಿಗೂ ಹಲವು ದೇಶಗಳ ಅಣಬೆ ಬೆಳೆಗಾರರು ಹುಡುಕುವುದು ಅದನ್ನೇ.