ಅಂಗೈ ಪರದೆಯ ಮೇಲೆ ಪಾರಿಜಾತ

ಹತ್ತು ಹದಿನೈದು ವರ್ಷಗಳ ಹಿಂದೆ ಚಿಕ್ಕೋಡಿಯ ಬಸ್ ನಿಲ್ದಾಣದ ಸುತ್ತ ಓಡಾಡಿದವರಿಗೆ ‘ಇಲ್ಲಿ ಡೌನ್‌ಲೋಡಿಂಗ್ ಮಾಡಿಕೊಡಲಾಗುವುದು’ ಎಂಬ ಬೋರ್ಡುಗಳು ನೆನಪಿರಬೇಕು. ರಿಚಾರ್ಜ್, ಸಿಮ್ ಕಾರ್ಡ್, ಮೊಬೈಲ್ ಕವರ್, ಮೂಲೆಯಲ್ಲೊಂದು ಕಂಪ್ಯೂಟರ್: ಇಷ್ಟೇ ಅಂಗಡಿ. ಅಂಥದ್ದೊಂದು ನನ್ನದೂ ಇತ್ತು. ಬರುವವರಲ್ಲಿ ಹೆಚ್ಚಿನವರು ನೋಕಿಯಾ ಫೋನಿನ ಕಾರ್ಡಿಗೆ ಹಾಡು ತುಂಬಿಸಿಕೊಂಡು ಹೋಗುತ್ತಿದ್ದರು. ನಿಪ್ಪಾಣಿ ಕಡೆಯ ಹುಡುಗರು ಮಾತ್ರ ಬೇರೆ ಸಾಮಾನು ತರುತ್ತಿದ್ದರು. ಹೆದ್ದಾರಿ ಹಿಡಿದರೆ ಅವರಿಗೆ ಕೊಲ್ಲಾಪುರ ಹತ್ತಿರ. ಅಲ್ಲಿಂದ ಸೆಕೆಂಡ್‌ಹ್ಯಾಂಡ್ ಪಿಎಸ್‌ಪಿ ಎಂಬ ಆಟದ ಯಂತ್ರ ತಂದು ಟೇಬಲ್ ಮೇಲಿಡುತ್ತಿದ್ದರು. “ದಾದಾ, ಆಟ ಆಡಿ ಬ್ಯಾಸರಾತು. ಇದ್ರಾಗ ನಮ್ಮೂರ ಜಾತ್ರಿ ಶರ್ಯತ್ತಿನ ವಿಡಿಯೊ ಕೂಡ್ರತೈತೇನು?”

ಕೂಡ್ರುತ್ತಿತ್ತು. ಆದರೆ ಕಾಪಿ ಮಾಡಿ ಹಾಕಿದರೆ ಅಲ್ಲ, ಕನ್ವರ್ಟ್ ಮಾಡಿದರೆ. ಈ ಕನ್ವರ್ಟ್ ಎಂಬ ಕೆಲಸದಲ್ಲಿ ವಿಡಿಯೊಗೆ ಹೊಸದಾಗಿ ಏನೂ ಸೇರುವುದಿಲ್ಲ. ಇರುವುದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಅದರ ತಿರುಳು. ಆ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ. ವಿಡಿಯೊದಲ್ಲಿ ಏನಿದೆ ಎಂಬುದು ಗೊತ್ತಿದ್ದವರೇ ಮಾಡಬೇಕು.

ಹೊರಗಿನ ಹೆಸರು, ಒಳಗಿನ ಸರಕು

ಸೋನಿ ಕಂಪನಿಯ ಪಿಎಸ್‌ಪಿ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 2004ರ ಡಿಸೆಂಬರ್‌ನಲ್ಲಿ. 4.3 ಇಂಚಿನ ಪರದೆ, ಅಗಲಕ್ಕೆ 480 ಚುಕ್ಕೆ, ಎತ್ತರಕ್ಕೆ 272. ನೋಕಿಯಾ ಫೋನುಗಳಿಗೆ ನಾವು ಹಾಕಿಕೊಡುತ್ತಿದ್ದ 3ಜಿಪಿ ವಿಡಿಯೊ ಬಹುಮಟ್ಟಿಗೆ 176×144 ಚುಕ್ಕೆಗಳದು. ಅಂದರೆ ಪಿಎಸ್‌ಪಿ ಪರದೆಯಲ್ಲಿ ಅದರ ಐದು ಪಟ್ಟು ಚುಕ್ಕೆಗಳಿದ್ದವು. ಹುಡುಗರಿಗೆ ಅದರ ಮೇಲೆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಕಡೆ ವಿಡಿಯೊ ಸಿಗುತ್ತಿದ್ದುದು ವಿಸಿಡಿಯಲ್ಲಿ. ಅದರೊಳಗಿನ ಡ್ಯಾಟ್ ಫೈಲಿನಲ್ಲಿರುವುದು ಎಂಪೆಗ್-1 ಎಂಬ ಹಳೆಯ ಬಗೆಯ ಚಿತ್ರ, 352×288 ಚುಕ್ಕೆ, ಸೆಕೆಂಡಿಗೆ 25 ಫ್ರೇಮ್. ಪಿಎಸ್‌ಪಿ ಮೆಮೊರಿ ಕಾರ್ಡಿನಿಂದ ಓದುತ್ತಿದ್ದುದು ಎಂಪೆಗ್-4 ಬಗೆಯದನ್ನು. ಅದನ್ನು ಬಿಡಿಸಿ ತೋರಿಸುವ ಸಾಮರ್ಥ್ಯವನ್ನು ಅದರ ಚಿಪ್ಪಿನಲ್ಲೇ ಕೂಡಿಸಿದ್ದರು. ಬೇರೆ ಬಗೆಯದನ್ನು ಕೊಟ್ಟರೆ, 333 ಮೆಗಾಹರ್ಟ್ಸ್ ಮೀರದ ಅದರ ಪ್ರೊಸೆಸರ್ ಮೇಲೆಯೇ ಎಲ್ಲ ಭಾರ ಬೀಳುತ್ತಿತ್ತು.

“ಫೈಲ್ ಹೆಸರು ಬದಲಿ ಮಾಡಿ ಎಂಪಿ4 ಅಂತ ಬರದೀನಿ, ಆದ್ರೂ ನಡ್ಯಾವಲ್ದು” ಎನ್ನುವವರೂ ಇದ್ದರು. ಎಂಪಿ4 ಎಂಬುದು ಹೊರಗಿನ ಕಟ್ಟು ಮಾತ್ರ. ಒಳಗೆ ಚಿತ್ರವನ್ನು ಯಾವ ಲೆಕ್ಕದಲ್ಲಿ ಕುಗ್ಗಿಸಿದ್ದಾರೆ, ದನಿಯನ್ನು ಯಾವ ಲೆಕ್ಕದಲ್ಲಿ ಎನ್ನುವುದೇ ಮುಖ್ಯ. ಅದನ್ನು ಕೊಡೆಕ್ ಎನ್ನುತ್ತಾರೆ. ಹೆಸರು ತಿದ್ದಿದರೆ ಕೊಡೆಕ್ ಬದಲಾಗದು.

ಪಿಎಸ್‌ಪಿಯ ಮೊದಲ ವರ್ಷಗಳಲ್ಲಿ ಕಟ್ಟಳೆಗಳು ಇನ್ನೂ ಬಿಗಿಯಾಗಿದ್ದವು. ಒಂದು ಫ್ರೇಮಿನಲ್ಲಿ 76,800 ಚುಕ್ಕೆ ಮೀರುವಂತಿಲ್ಲ. ಹಾಗಾಗಿ 320×240 ಇಲ್ಲವೇ 368×208. ವೇಗ ಸೆಕೆಂಡಿಗೆ 29.97 ಫ್ರೇಮ್ ಅಥವಾ ಅದರ ಅರ್ಧ, 14.985. ಫೈಲನ್ನು ಗೊತ್ತುಪಡಿಸಿದ ಫೋಲ್ಡರಿನಲ್ಲಿ, ಗೊತ್ತುಪಡಿಸಿದ ಸಂಖ್ಯೆಯ ಹೆಸರಿನಲ್ಲೇ ಇಡಬೇಕು. ಪರದೆಯ ಪೂರ್ತಿ 480×272 ಅಳತೆಗೆ ಮೆಮೊರಿ ಕಾರ್ಡಿನ ವಿಡಿಯೊ ನಡೆಯತೊಡಗಿದ್ದು 2007ರ ಮಾರ್ಚಿನಲ್ಲಿ ಬಂದ 3.30 ಸಾಫ್ಟ್‌ವೇರಿನಿಂದ.

ಈ ಕೆಲಸಕ್ಕೆ ಪಿಎಸ್‌ಪಿ ವಿಡಿಯೊ 9, 3ಜಿಪಿ ಕನ್ವರ್ಟರ್, ಫಾರ್ಮ್ಯಾಟ್ ಫ್ಯಾಕ್ಟರಿಯಂಥ ಪುಕ್ಕಟೆ ತಂತ್ರಾಂಶಗಳಿದ್ದವು. ಮುಖ ಬೇರೆಯಾದರೂ ಇಂಥವುಗಳ ಹೊಟ್ಟೆಯಲ್ಲಿ ದುಡಿಯುತ್ತಿದ್ದುದು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರುಮಾಡಿದ ಈ ತಂತ್ರಾಂಶವನ್ನು ಇಂದಿಗೂ ಜಗತ್ತು ಬಳಸುತ್ತಿದೆ.

ಪಾರಿಜಾತಕ್ಕೊಂದು ಲೆಕ್ಕ, ಶರ್ಯತ್ತಿಗೊಂದು ಲೆಕ್ಕ

ತಂತ್ರಾಂಶದಲ್ಲಿ ‘ಪಿಎಸ್‌ಪಿ’ ಎಂಬ ಗುಂಡಿ ಒತ್ತಿದರೆ ಎಲ್ಲ ವಿಡಿಯೊಗೂ ಒಂದೇ ಲೆಕ್ಕ ಹಾಕುತ್ತದೆ. ನಮ್ಮ ಗಿರಾಕಿಗಳು ತರುತ್ತಿದ್ದ ವಿಡಿಯೊಗಳು ಒಂದೇ ಥರದವಾಗಿರಲಿಲ್ಲ.

ಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದ, ಕೌಜಲಗಿ ನಿಂಗಮ್ಮನಂಥವರು ಊರೂರಿಗೆ ಒಯ್ದ ಈ ಆಟದ ಜೀವ ಹಾಡಿನಲ್ಲಿದೆ, ಭಾಗವತನಿಗೂ ದೂತಿಗೂ ನಡೆಯುವ ಮಾತಿನ ಚಕಮಕಿಯಲ್ಲಿದೆ. ಪಾತ್ರಗಳು ಬಹಳ ಹೊತ್ತು ನಿಂತಲ್ಲೇ ನಿಂತು ಹಾಡುತ್ತವೆ. ಅಥಣಿ ಕಡೆಯ ಹರದೇಶಿ-ನಾಗೇಶಿ ಮೇಳಗಳದೂ ಹಾಗೆಯೇ: ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡುತ್ತಾರೆ. ಒಂದು ಶಬ್ದ ತಪ್ಪಿದರೆ ಕೇಳುವವನಿಗೆ ಸ್ವಾರಸ್ಯವೇ ತಪ್ಪಿತು. ಇಂಥವಕ್ಕೆ ನಾನು ಸೆಕೆಂಡಿಗೆ 15ರ ಹತ್ತಿರದ ಫ್ರೇಮ್ ಇಟ್ಟು, ಚಿತ್ರಕ್ಕೆ 256 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೊಬಿಟ್), ದನಿಗೆ 128 ಕೊಡುತ್ತಿದ್ದೆ. ಗಂಟೆಗೆ ಸುಮಾರು 175 ಎಂಬಿ. ಆರು ತಾಸಿನ ಇಡೀ ರಾತ್ರಿಯ ಆಟ ಒಂದು ಜಿಬಿಯೊಳಗೆ, ಇಲ್ಲವೇ ಅದರ ಆಚೀಚೆ, ಮುಗಿಯುತ್ತಿತ್ತು. ಅದೇ ಆಟ ವಿಸಿಡಿಯಲ್ಲಿ ಐದು ತಟ್ಟೆ.

ಎತ್ತಿನ ಗಾಡಿ ಶರ್ಯತ್ತು ಇದಕ್ಕೆ ಪೂರಾ ಉಲ್ಟಾ. ಅಲ್ಲಿನ ದನಿ ಬರೀ ಗದ್ದಲ, 64 ಕೆಬಿಪಿಎಸ್ ಸಾಕು. ಚಿತ್ರ ಮಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ: ಎತ್ತು, ಗಾಲಿ, ಧೂಳು, ಹಿಂದೆ ಓಡುವ ಜನ, ಅವರ ಜೊತೆ ಓಡುವ ಕ್ಯಾಮೆರಾ. ಕುಗ್ಗಿಸುವ ತಂತ್ರಾಂಶ ಹಿಂದಿನ ಫ್ರೇಮಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುವ ಜಿಪುಣ. ವ್ಯತ್ಯಾಸ ಹೆಚ್ಚಾದಂತೆ ಅದಕ್ಕೆ ಜಾಗವೂ ಹೆಚ್ಚು ಬೇಕು. ಹಾಗಾಗಿ ಪೂರ್ತಿ 29.97 ಫ್ರೇಮ್, ಚಿತ್ರಕ್ಕೆ 768 ಕೆಬಿಪಿಎಸ್. ಗಂಟೆಗೆ ಸುಮಾರು 375 ಎಂಬಿ. ಒಂದು ರಾತ್ರಿಯ ಪಾರಿಜಾತ, ಎರಡು ತಾಸಿನ ಶರ್ಯತ್ತು, ಎರಡೂ ಸೇರಿ ಒಂದೇ 2 ಜಿಬಿ ಕಾರ್ಡಿಗೆ ಹಿಡಿಯುತ್ತಿದ್ದವು.

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯ ಡೊಳ್ಳಿನ ಪದಗಳದು ಮೂರನೇ ಬಗೆ. ದನಿಯನ್ನು ತೀರ ಕುಗ್ಗಿಸಿದರೆ ಮೊದಲು ಹಾಳಾಗುವುದು ಡೊಳ್ಳಲ್ಲ, ತಾಳ. ಕುಗ್ಗಿಸುವಾಗ ಮೇಲುಸ್ವರಗಳಿಗೇ ಮೊದಲು ಕತ್ತರಿ ಬೀಳುವುದರಿಂದ ತಾಳದ ಕಿಣಿಕಿಣಿ ಮಸುಕಾಗಿ ಗರಗರ ಎನ್ನತೊಡಗುತ್ತದೆ. ಅಲ್ಲಿ ಚಿತ್ರ, ದನಿ ಎರಡಕ್ಕೂ ಧಾರಾಳವಾಗಿ ಕೊಡಬೇಕು.

ಕಾಗವಾಡ ಕಡೆಯ ಗಿರಾಕಿಗಳು ಬೇರೊಂದು ತೊಡಕು ಹಿಡಿದು ಬಂದರು. ಕಬ್ಬಿನ ಹಂಗಾಮಿನಲ್ಲಿ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್ ಸಾಲು ಹಚ್ಚಿ ರಾತ್ರಿಯೆಲ್ಲ ಕಾಯುವ ಹುಡುಗರು ಅವರು. “ಕತ್ತಲಾಗ ನೋಡಿದ್ರ ಬರೇ ಚೌಕ ಚೌಕ ಕಾಣ್ತಾವು” ಎಂಬುದು ಅವರ ತಕರಾರು. ಅದು ನಿಜ. ತಂತ್ರಾಂಶ ಚಿತ್ರವನ್ನು 16×16 ಚುಕ್ಕೆಗಳ ಚೌಕಗಳಾಗಿ ಹೋಳು ಮಾಡಿ ಲೆಕ್ಕ ಹಾಕುತ್ತದೆ. ಒಂದೆರಡು ಬಲ್ಬಿನ ರಂಗ, ಹಿಂದೆಲ್ಲ ಕಪ್ಪು. ‘ಇಲ್ಲಿ ನೋಡುವಂಥದ್ದು ಏನೂ ಇಲ್ಲ’ ಎಂದುಕೊಂಡು ಆ ಕಪ್ಪಿನಲ್ಲಿ ಜಿಪುಣತನ ತೋರುತ್ತದೆ. ಹಗಲು ಬೆಳಕಿನಲ್ಲಿ ಕಾಣದ ಹೋಳಿನ ಅಂಚುಗಳು ಕತ್ತಲ ಕ್ಯಾಬಿನ್ನಿನಲ್ಲಿ ಎದ್ದು ಕಾಣುತ್ತವೆ. ಎರಡು ಸುತ್ತಿನ ಕನ್ವರ್ಷನ್ ಮಾಡಿದರೆ ಇದು ಕಡಿಮೆಯಾಗುತ್ತದೆ. ಮೊದಲ ಸುತ್ತಿನಲ್ಲಿ ತಂತ್ರಾಂಶ ಇಡೀ ವಿಡಿಯೊ ನೋಡಿ ಎಲ್ಲಿ ಎಷ್ಟು ಬೇಕು ಎಂದು ಅಳೆಯುತ್ತದೆ, ಎರಡನೆಯದರಲ್ಲಿ ಹಂಚುತ್ತದೆ. ಸಮಯ ಹೆಚ್ಚು, ಜಾಗ ಅಷ್ಟೇ.

ಸಮಯವೆಂದರೆ ಅಂದಿನ ಕಂಪ್ಯೂಟರಿಗೆ ವಿಡಿಯೊದ ಉದ್ದಕ್ಕಿಂತಲೂ ಹೆಚ್ಚು. ನಡುವೆ ಕರೆಂಟು ಹೋಗುವುದಂತೂ ಇದ್ದದ್ದೇ. ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿಯನ್ನು ಎಂಪಿ4 ಫೈಲಿಗೆ ಸಾಮಾನ್ಯವಾಗಿ ಕೊಟ್ಟಕೊನೆಗೆ ಬರೆಯುತ್ತಾರೆ. ಆ ಪಟ್ಟಿ ಬರೆಯುವ ಮೊದಲೇ ಕರೆಂಟು ಹೋದರೆ ಐದು ತಾಸಿನ ಕೆಲಸವೂ ತೆರೆಯದ ಫೈಲಾಗುತ್ತದೆ. ಅದಕ್ಕೇ ಒಂದೊಂದು ತಾಸಿನ ತುಂಡು ಮಾಡಿ ಹಾಕುವುದು ನಮ್ಮ ರೂಢಿಯಾಯಿತು.

ದೂತಿಯ ಮುಖ ಅಗಲವಾದದ್ದೇಕೆ

ಹಳೆಯ ಕ್ಯಾಮೆರಾ ಮತ್ತು ಟಿವಿಯ ಚಿತ್ರ 4:3 ಅಳತೆಯದು. ಪಿಎಸ್‌ಪಿ ಪರದೆ ಸುಮಾರಾಗಿ 16:9. ಸರಿಯಾಗಿ ಕೂಡಿಸಿದರೆ ಎರಡೂ ಪಕ್ಕ ಕಪ್ಪು ಪಟ್ಟಿ ಉಳಿಯುತ್ತದೆ. “ರೊಕ್ಕ ಕೊಟ್ಟೀವಿ, ಪೂರ್ತಿ ಪರದೆ ತುಂಬಬೇಕು” ಎಂದು ಹಟ ಹಿಡಿದವರಿಗೆ ಎಳೆದು ಹಾಕಿಕೊಟ್ಟರೆ ದೂತಿಯ ಮುಖ ಮೂರನೇ ಒಂದು ಪಾಲು ಅಗಲವಾಗುತ್ತಿತ್ತು. ಮೇಲೆ ಕೆಳಗೆ ಕತ್ತರಿಸಿದರೆ ಕೃಷ್ಣನ ಕಿರೀಟಕ್ಕೆ ಕುತ್ತು. ಪಟ್ಟಿಯನ್ನು ಸಹಿಸುವುದೇ ಲೇಸು.

ಟೇಪಿನಿಂದ ಬಂದ ವಿಡಿಯೊದಲ್ಲಿ ಇನ್ನೊಂದು ತೊಂದರೆ ಇರುತ್ತದೆ. ಟಿವಿಗಾಗಿ ಪ್ರತಿ ಫ್ರೇಮನ್ನೂ ಬೆಸ-ಸಮ ಗೆರೆಗಳಾಗಿ ಎರಡು ಕ್ಷಣಗಳಲ್ಲಿ ಹಿಡಿದಿರುತ್ತಾರೆ. ಓಡುವ ಗಾಲಿಯ ಅಂಚಿನಲ್ಲಿ ಅಡ್ಡಡ್ಡ ಗೆರೆ ಕಂಡರೆ ಕಾರಣ ಅದೇ. ತಂತ್ರಾಂಶದಲ್ಲಿ ‘ಡಿಇಂಟರ್‌ಲೇಸ್’ ಆಯ್ಕೆ ಹಾಕಿದರೆ ಹೋಗುತ್ತದೆ. ಅಳತೆ ಕುಗ್ಗಿಸುವ ಮೊದಲೇ ಹಾಕಬೇಕು.

ಈಗ ಮಾಡುವವರಿಗೆ

ಪಿಎಸ್‌ಪಿ ಕಾಲ ಮುಗಿಯಿತು. ಈಗ ಮಕ್ಕಳ ಕೈಯಲ್ಲಿ ಹಳೆಯ ಆಟಗಳನ್ನು ಆಡಿಸುವ ಸಣ್ಣ ಯಂತ್ರಗಳಿವೆ. ಆನ್‌ಬರ್ನಿಕ್ ಕಂಪನಿಯ ಆರ್‌ಜಿ35ಎಕ್ಸ್‌ಎಕ್ಸ್ ಅಂಥದ್ದು: 3.5 ಇಂಚು, 640×480 ಚುಕ್ಕೆ. ಅದರದು 4:3 ಪರದೆಯೇ ಆದ್ದರಿಂದ ಹಳೆಯ ಪಾರಿಜಾತ ಅದರಲ್ಲಿ ಪಟ್ಟಿಯೂ ಇಲ್ಲದೆ, ಹಿಗ್ಗದೆ ಸರಿಯಾಗಿ ಕೂಡ್ರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ತಂತ್ರಾಂಶ ತೆರೆದು ಎಂಪಿ4, ಎಚ್.264, ದನಿಗೆ ಎಎಸಿ ಆರಿಸಿ. ಅಳತೆ ಪರದೆಯದಕ್ಕಿಂತ ದೊಡ್ಡದಿರುವುದು ಬೇಡ. ಮೂಲವೇ ಸಣ್ಣದಿದ್ದರೆ ಹಿಗ್ಗಿಸಲೂ ಬೇಡಿ. 352×288ರ ವಿಸಿಡಿಯನ್ನು ದೊಡ್ಡದು ಮಾಡಿದರೆ ಫೈಲ್ ದಪ್ಪವಾದೀತೇ ಹೊರತು ಮುಖ ಸ್ಪಷ್ಟವಾಗದು. ಮೊದಲು ಎರಡು ನಿಮಿಷದ ತುಣುಕು ಮಾಡಿ ಯಂತ್ರದಲ್ಲೇ ಓಡಿಸಿ ನೋಡಿ, ಆಮೇಲೆ ಪೂರ್ತಿ ಹಚ್ಚಿ. ಇದೆಲ್ಲ ನಿಮ್ಮದೇ ರೆಕಾರ್ಡಿಂಗಿಗೆ, ಇಲ್ಲವೇ ಮೇಳದವರು ಒಪ್ಪಿ ಕೊಟ್ಟದ್ದಕ್ಕೆ. ಸಿನಿಮಾ ತುಂಬಿಸಿ ಮಾರುವುದು 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅಪರಾಧ.

ಕಬ್ಬಿನಿಂದ ಬೆಲ್ಲವಾಗುತ್ತದೆ, ಬೆಲ್ಲದಿಂದ ಕಬ್ಬಾಗದು ಎಂಬುದು ಈ ಭಾಗದವರಿಗೆ ಹೇಳಿಕೊಡಬೇಕಾದ ಮಾತಲ್ಲ. ಆದರೂ ವಿಡಿಯೊ ವಿಷಯದಲ್ಲಿ ಅದು ಮರೆತುಹೋಯಿತು. ಮದುವೆ, ಜಾತ್ರೆ ಚಿತ್ರಿಸುತ್ತಿದ್ದ ಮಿನಿಡಿವಿ ಟೇಪಿನ ಒಂದು ತಾಸನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ. ಜಾಗವಿಲ್ಲವೆಂದು ಅದನ್ನು ಅಳಿಸಿದರು, ಟೇಪಿನ ಮೇಲೆ ಇನ್ನೊಂದು ಮದುವೆ ಹಿಡಿದರು. ಎಷ್ಟೋ ಕಲಾವಿದರ ಆಟ ಇಂದು 176×144ರ 3ಜಿಪಿಯಲ್ಲಷ್ಟೇ ಉಳಿದಿದೆ. ದೊಡ್ಡ ಟಿವಿಗೆ ಹಾಕಿದರೆ ಯಾರ ಮುಖ ಯಾರದೆಂದೇ ತಿಳಿಯದು.

ಐದಾರು ವರ್ಷಕ್ಕೊಮ್ಮೆ ಕೈಯಲ್ಲಿನ ಯಂತ್ರ ಬದಲಾಗುತ್ತದೆ, ಅದರ ಅಳತೆಯೂ ಬದಲಾಗುತ್ತದೆ. ಪ್ರತಿ ಸಲವೂ ಹೊಸದಾಗಿ ಕನ್ವರ್ಟ್ ಮಾಡಲೇಬೇಕು. ಹಾಗೆ ಮಾಡಲು ಬರುವುದು ಮೂಲ ಫೈಲ್ ಇದ್ದರೆ ಮಾತ್ರ. ಇಂದು ಹಾರ್ಡ್ ಡಿಸ್ಕಿನಲ್ಲಿ 13 ಜಿಬಿ ಒಂದು ದೊಡ್ಡ ಜಾಗವೇ ಅಲ್ಲ. ಊರು, ಮೇಳ, ತಾರೀಖನ್ನು ಫೈಲಿನ ಹೆಸರಿನಲ್ಲೇ ಬರೆದು ಮೂಲವನ್ನು ಎರಡು ಕಡೆ ಇಡಿ. ಕನ್ವರ್ಟ್ ಮಾಡಿದ ಪ್ರತಿಯನ್ನು ಯಾರಿಗೆ ಬೇಕಾದರೂ ಕೊಡಿ, ಕಳೆದರೂ ಚಿಂತೆಯಿಲ್ಲ.