ದಾಸ್ತಾನಿನ ಹುಳುವೂ ನಮ್ಮ ಲೆಕ್ಕದ ಪುಸ್ತಕವೂ

ಧಾನ್ಯ, ಬೇಳೆಕಾಳು, ಹಿಟ್ಟು, ರವೆಗಳ ವ್ಯವಹಾರ ನಡೆಸುವ ಬಹುತೇಕ ಸದಸ್ಯ ಮಿತ್ರರ ವಾರ್ಷಿಕ ಲೆಕ್ಕಪತ್ರಗಳಲ್ಲಿ ‘ತೂಕದ ಕೊರತೆ’ ಎಂಬ ಒಂದು ಸಾಲು ಇರುತ್ತದೆ. ತೇವ ಆರಿದ್ದು, ಚೀಲ ಸೋರಿದ್ದು, ಇಲಿ ತಿಂದದ್ದು, ಹುಳು ಕೊರೆದದ್ದು ಎಲ್ಲವೂ ಆ ಒಂದೇ ಸಾಲಿನಲ್ಲಿ ಅಡಗಿರುತ್ತವೆ. ಮೊತ್ತ ಚಿಕ್ಕದಿರುವವರೆಗೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ನಾನೂ ಬಹಳ ಕಾಲ ಪ್ರಶ್ನಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮಾರ್ಚ್ 31ರ ದಾಸ್ತಾನು ಪರಿಶೀಲನೆಗೆಂದು ಕಕ್ಷಿದಾರರೊಬ್ಬರ ಗೋದಾಮಿಗೆ ಹೋಗಿದ್ದೆ. ಹಿಂದಿನ ಗೋಡೆಗೆ ಒತ್ತಿ ಹೆಸರುಕಾಳಿನ ಅಟ್ಟಿ ಹಾಕಿದ್ದರು. 240 ಚೀಲ, ಚೀಲಕ್ಕೆ 50 ಕೆ.ಜಿ., ಕೊಂಡ ಬೆಲೆ ಕೆ.ಜಿ.ಗೆ 80 ರೂ. ಎಣಿಸಿದೆ, ಗುಣಿಸಿದೆ, 9,60,000 ರೂ. ಎಂದು ಬರೆದುಕೊಂಡೆ. ಅಟ್ಟಿಯ ಬುಡದಲ್ಲಿ ಪುಡಿ ಉದುರಿದ್ದು ಕಣ್ಣಿಗೆ ಬಿದ್ದಿತ್ತು, ಧೂಳೆಂದು ಭಾವಿಸಿದೆ. ಜೂನ್ ತಿಂಗಳಲ್ಲಿ ಚೀಲ ಬಿಚ್ಚಿದಾಗ ಕಾಳುಕಾಳಿಗೂ ಗುಂಡಗೆ ಕೊರೆದ ತೂತು, ಒಳಗೆ ಪೊಳ್ಳು. ಪಶು ಆಹಾರಕ್ಕೆಂದು ಮಾರಿದಾಗ ಕೈಗೆ ಬಂದದ್ದು ಎರಡು ಲಕ್ಷ ರೂಪಾಯಿಗೂ ಕಡಿಮೆ. ಅದೇ ಸರಕಿನ ಮೇಲೆ ಪಡೆದ ಕ್ಯಾಶ್ ಕ್ರೆಡಿಟ್ ಸಾಲಕ್ಕೆ ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಕಕ್ಷಿದಾರರು ನನ್ನ ಮೇಲೆ ಸಿಟ್ಟಾಗಲಿಲ್ಲ. “ಸರ್, ನೀವು ಎಣಿಸಿದ ದಿನ ಕಾಳು ಇತ್ತೇ, ಚೀಲ ಮಾತ್ರ ಇತ್ತೇ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿಯೇ ಈ ಹುಳುಗಳ ವಿಷಯ ಓದತೊಡಗಿದೆ. ಕಾಳಿನ ದುಂಬಿ ಎಷ್ಟೋ ಸಲ ಗೋದಾಮಿನಲ್ಲಿ ಹುಟ್ಟಿದ್ದಲ್ಲ. ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ, ಸರಕಿನೊಂದಿಗೆ ಒಳಗೆ ಬರುತ್ತದೆ. ಕಾಳಿನ ಮೇಲೆ ಅಂಟಿದ ಬಿಳಿ ಚುಕ್ಕೆಯೇ ಅದರ ಮೊಟ್ಟೆ. ಮರಿ ನೇರವಾಗಿ ಕಾಳಿನೊಳಕ್ಕೆ ಕೊರೆದು, ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ದುಂಬಿಯಾಗಿ ಹೊರಬೀಳುತ್ತದೆ. ಒಂದು ಹೆಣ್ಣು ಹತ್ತಾರು ಮೊಟ್ಟೆಗಳನ್ನಿಡುತ್ತದೆ. ತಲೆಮಾರಿಗೆ ಹತ್ತು ಪಟ್ಟು ಎಂದು ಹಿಡಿದರೂ ಮೂರು ತಿಂಗಳಿಗೆ ಸಾವಿರ ಪಟ್ಟು. ಚಕ್ರಬಡ್ಡಿಯ ಲೆಕ್ಕ ನಮ್ಮ ವರ್ತಕ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ. ಇಡೀ ಕಾಳಿಗೆ ಹೋಲಿಸಿದರೆ ಒಡೆದ ಬೇಳೆಗೆ ಈ ದುಂಬಿಯ ಕಾಟ ಬಹಳ ಕಡಿಮೆ. ಬೆಲೆ ಏರಲೆಂದು ಸರಕು ಹಿಡಿದಿಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಉದ್ದ ಮೂತಿಯ ಅಕ್ಕಿ ಹುಳುವಿನದೂ ಇದೇ ರೀತಿ. ಅದು ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಡುತ್ತದೆ, ಆದ್ದರಿಂದ ಹೊರನೋಟಕ್ಕೆ ಏನೂ ತಿಳಿಯದು. ಹಿಟ್ಟಿನ ಕೆಂಪು ಹುಳು ಹೆಚ್ಚಾದರೆ ಹಿಟ್ಟು ಕಮಟು ವಾಸನೆ ಹಿಡಿಯುತ್ತದೆ. ರವೆ, ಶ್ಯಾವಿಗೆ, ಒಣಹಣ್ಣು, ಬಾದಾಮಿಗಳಲ್ಲಿ ನೂಲು ಕಟ್ಟಿ ಗಂಟು ಮಾಡುವುದು ಪತಂಗದ ಮರಿ. ಹಾರುವ ಪತಂಗ ಏನನ್ನೂ ತಿನ್ನುವುದಿಲ್ಲ; ಅದನ್ನು ಹೊಡೆದು ಸಮಾಧಾನಪಟ್ಟುಕೊಳ್ಳುವವರು ತಿನ್ನುವ ಮರಿಯನ್ನು ಸರಕಿನಲ್ಲೇ ಬಿಟ್ಟಿರುತ್ತಾರೆ. ಪತಂಗದ ಮರಿ ತೆಳು ಪ್ಲಾಸ್ಟಿಕ್ ಹಾಳೆಯನ್ನೂ ಕೊರೆಯಬಲ್ಲದು. ಚಿಲ್ಲರೆ ಅಂಗಡಿಯ ಕಪಾಟಿನಲ್ಲಿ ಹುಳು ಹತ್ತಿದರೂ ಪೊಟ್ಟಣದ ಮೇಲಿರುವುದು ತಯಾರಕರ ಹೆಸರೇ.

ಇನ್ನು ನಮ್ಮ ತಪ್ಪಿನ ವಿಚಾರ. ದಾಸ್ತಾನು ಮೌಲ್ಯಮಾಪನಕ್ಕೆ ನಾವು ‘ಮೊದಲು ಬಂದದ್ದು ಮೊದಲು ಹೋಯಿತು’ ಎಂಬ ಪದ್ಧತಿ ಅನುಸರಿಸುತ್ತೇವೆ. ಕೊನೆಗೆ ಬಂದದ್ದು ಮೊದಲು ಹೋಯಿತು ಎನ್ನುವ ಪದ್ಧತಿಗೆ ಲೆಕ್ಕಪತ್ರ ಮಾನಕ-2 ಅವಕಾಶ ಕೊಡುವುದಿಲ್ಲ. ಆದರೆ ಗೋದಾಮಿನಲ್ಲಿ ನಡೆಯುವುದೇನು? ಹೊಸ ಲಾರಿ ಬಂದಾಗ ಚೀಲಗಳು ಬಾಗಿಲ ಬಳಿಯೇ ಇಳಿಯುತ್ತವೆ, ಮರುದಿನ ಹಮಾಲರು ಕೈಗೆ ಸಿಕ್ಕ ಅವನ್ನೇ ಹೊರುತ್ತಾರೆ. ಒಳಗಿನ ಅಟ್ಟಿ ಕದಲುವುದಿಲ್ಲ. ಮಾನಕ ನಿಷೇಧಿಸಿದ ಪದ್ಧತಿಯೇ ನಿತ್ಯವೂ ನಡೆಯುತ್ತಿರುತ್ತದೆ. ಪುಸ್ತಕದ ಪ್ರಕಾರ ಎಂದೋ ಮಾರಾಟವಾದ ಸರಕು ಹಿಂದಿನ ಗೋಡೆಯ ಬಳಿ ಹುಳು ಸಾಕುತ್ತಿರುತ್ತದೆ. ನನ್ನ ಕಕ್ಷಿದಾರರ 240 ಚೀಲಗಳ ಕಥೆಯೂ ಇದೇ.

ಪ್ರತಿ ಅಟ್ಟಿಗೂ ಬಂದ ತಾರೀಖು ಬರೆದ ಒಂದು ಹಲಗೆ ತೂಗುಹಾಕಿರಿ. ಅಟ್ಟಿಯ ಕೆಳಗೆ ಮರದ ಹಲಗೆಯಿರಲಿ. ಗೋಡೆಗೂ ಅಟ್ಟಿಗೂ ನಡುವೆ ಮನುಷ್ಯ ನಡೆಯುವಷ್ಟು ಜಾಗವಿರಲಿ. ಜಾಗ ದಂಡವಾಗುತ್ತದೆಂಬ ಆಕ್ಷೇಪಣೆ ಕೇಳಿದ್ದೇನೆ. ನಡೆಯಲಾಗದ ಕಡೆ ನೋಡಲಾಗುವುದಿಲ್ಲ ಎಂಬುದಷ್ಟೇ ನನ್ನ ಉತ್ತರ. ಹದಿನೈದು ದಿನಕ್ಕೊಮ್ಮೆ ಅಟ್ಟಿಯ ಬೇರೆ ಬೇರೆ ಚೀಲಗಳಿಂದ ಸಲಾಕೆಯಲ್ಲಿ ಮಾದರಿ ತೆಗೆದು ಜರಡಿ ಹಿಡಿಯಬೇಕು. ಈಗ ನಾನು ಪರಿಶೀಲನೆಗೆ ಹೋಗುವಾಗಲೂ ಒಂದು ಜರಡಿ ಜೊತೆಗಿರುತ್ತದೆ, ಗುಮಾಸ್ತರು ನಗುವುದುಂಟು.

ಖಾಲಿ ಗೋಣಿಚೀಲಗಳ ಬಗ್ಗೆ ಒಂದು ಮಾತು. ಹುಳು ಅವುಗಳ ಹೊಲಿಗೆಯಲ್ಲಿ ಅಡಗಿರುತ್ತದೆ. ಹಳೆಯ ಚೀಲಗಳ ರಾಶಿಯನ್ನು ಸರಕಿನ ಪಕ್ಕದಲ್ಲೇ ಇಟ್ಟು, ಮತ್ತೆ ಅದರಲ್ಲೇ ಹೊಸ ಕಾಳು ತುಂಬುವವರು ಚೀಲದ ಕೆಲವೇ ರೂಪಾಯಿ ಉಳಿಸಲು ನಾಲ್ಕು ಸಾವಿರ ರೂಪಾಯಿಯ ಸರಕನ್ನು ಪಣಕ್ಕಿಡುತ್ತಾರೆ. ಮೇ ತಿಂಗಳ ಬಿಸಿಲಿಗೆ ಹರಡಿ ಕಾಯಿಸುವುದಕ್ಕೆ ಖರ್ಚೇನೂ ಇಲ್ಲ.

ಹುಳು ಕಂಡ ಮೇಲೆ ಬಹಳ ಮಂದಿ ಹುಡುಕುವುದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ತೇವ ತಾಗಿದರೆ ಅದರಿಂದ ಹೊರಡುವ ಫಾಸ್ಫೀನ್ ಅನಿಲ ಹುಳುವಿಗಷ್ಟೇ ಅಲ್ಲ, ಮನುಷ್ಯನಿಗೂ ಮಾರಕ. ಸಂದುಗಳಿಂದ ನುಸುಳಿ ಪಕ್ಕದ ಮನೆಗೂ ಹೋಗುತ್ತದೆ. ಕಾನೂನಿನಂತೆ ಇದನ್ನು ಬಳಸಬೇಕಾದವರು ಅನುಮತಿ ಪಡೆದ ಪರಿಣತರು ಮಾತ್ರ. ಬಟ್ಟೆಯಲ್ಲಿ ಕಟ್ಟಿ ಚೀಲಗಳ ಸಂದಿಗೆ ಸಿಕ್ಕಿಸುವ ಅಭ್ಯಾಸ ಅಪರಾಧವೂ ಹೌದು, ನಿಷ್ಪ್ರಯೋಜಕವೂ ಹೌದು. ಅನಿಲ ಸೋರದಂತೆ ಹೊದಿಕೆ ಮುಚ್ಚಿ ಸಾಮಾನ್ಯವಾಗಿ ಐದರಿಂದ ಏಳು ದಿನ ಬಿಡದಿದ್ದರೆ ಮೊಟ್ಟೆ ಮತ್ತು ಕೋಶದ ಹಂತದವು ಬದುಕುಳಿಯುತ್ತವೆ; ಅರೆಬರೆ ಪ್ರಯೋಗದಿಂದ ಔಷಧಕ್ಕೆ ಬಗ್ಗದ ಹುಳುಗಳ ಸಂತತಿಯೂ ಬೆಳೆದಿದೆ. ಕೃಷಿ ಉತ್ಪನ್ನಗಳ ಗೋದಾಮಿನ ಧೂಮೀಕರಣ ಸೇವೆಗಿದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ರಿಂದ ರದ್ದಾಗಿದೆ. ತೆರಿಗೆ ಸೇರಿದರೂ ಒಂದು ಅಟ್ಟಿಯ ನಷ್ಟದ ಮುಂದೆ ಅದು ದೊಡ್ಡ ವೆಚ್ಚವಲ್ಲ.

ಉತ್ತರ ಕರ್ನಾಟಕದ ಹಿರಿಯರು ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಒಳಗಿನ ಆಮ್ಲಜನಕ ತೀರಿದಂತೆ ಹುಳುಗಳೂ ಸಾಯುತ್ತಿದ್ದವು. ತೆರೆದ ಕೂಡಲೇ ಒಳಗಿಳಿಯಬಾರದೆಂಬ ಎಚ್ಚರಿಕೆಯೂ ಅದಕ್ಕೇ. ಇಂದು ಮಾರುಕಟ್ಟೆಯಲ್ಲಿ ಸಿಗುವ ಗಾಳಿಯಾಡದ ಒಳಪದರದ ಚೀಲಗಳು ಅದೇ ತತ್ತ್ವದಲ್ಲಿ ಕೆಲಸ ಮಾಡುತ್ತವೆ. ಚೆನ್ನಾಗಿ ಒಣಗಿದ ಕಾಳಿಗೆ ಇವು ಹೇಳಿಮಾಡಿಸಿದಂತಿವೆ. ಹಸಿ ಕಾಳು ತುಂಬಿದರೆ ಬೂಷ್ಟು ಗ್ಯಾರಂಟಿ.

ನಷ್ಟವಾದ ಮೇಲೆ ವಿಮೆ ಇದೆಯಲ್ಲ ಎನ್ನುವವರಿಗೆ ಪಾಲಿಸಿಯನ್ನು ತೆರೆದು ಓದಲು ವಿನಂತಿ. ಸಾಮಾನ್ಯ ಅಗ್ನಿ ವಿಮೆಯಾಗಲಿ, 2021ರ ಏಪ್ರಿಲ್‌ನಲ್ಲಿ ಸಣ್ಣ ಉದ್ದಿಮೆಗಳಿಗಾಗಿ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಆಗಲಿ, ಅಪಾಯಗಳನ್ನು ಹೆಸರಿಸಿ ರಕ್ಷಣೆ ಕೊಡುತ್ತವೆ. ಆ ಪಟ್ಟಿಯಲ್ಲಿ ಹುಳುವಿಲ್ಲ. ಹುಳು ಹಿಡಿದ ಸರಕನ್ನು ಗಿರಾಕಿಗೆ ದಾಟಿಸುವ ಯೋಚನೆಯೂ ಬೇಡ; ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ವ್ಯಾಖ್ಯೆಯ ಪ್ರಕಾರ ಅದು ಅಸುರಕ್ಷಿತ ಆಹಾರ, ಶಿಕ್ಷೆಯಲ್ಲಿ ಸೆರೆವಾಸವೂ ಸೇರಿದೆ.

ಲೆಕ್ಕಪತ್ರದಲ್ಲಿ ಅಂತಹ ಸರಕನ್ನು ಕೊಂಡ ಬೆಲೆಗೆ ತೋರಿಸಕೂಡದು. ಕೊಂಡ ಬೆಲೆ ಮತ್ತು ಮಾರಿದರೆ ನಿವ್ವಳವಾಗಿ ದೊರಕುವ ಬೆಲೆ, ಎರಡರಲ್ಲಿ ಕಡಿಮೆಯಾದುದೇ ಅದರ ಮೌಲ್ಯ. ಬ್ಯಾಂಕಿಗೆ ಕೊಡುವ ತಿಂಗಳ ದಾಸ್ತಾನು ವಿವರದಿಂದಲೂ ಅದನ್ನು ಹೊರಗಿಡಬೇಕು. ಪೊಟ್ಟಣ ಕಟ್ಟಿ ಮಾರುವ ತಯಾರಕರು ಸರಕನ್ನು ನಾಶಪಡಿಸಿದರೆ ಅಥವಾ ಪುಸ್ತಕದಿಂದ ಕೈಬಿಟ್ಟರೆ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಪ್ರಕಾರ ಅದಕ್ಕೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಆದ್ದರಿಂದ ಹಾಳಾದ ಸರಕನ್ನು ಸಾಗಿಸುವ ಮೊದಲೇ ತೂಕ, ತಾರೀಖು, ಖರೀದಿ ಬಿಲ್ಲಿನ ಸಂಖ್ಯೆ ಬರೆದು, ಛಾಯಾಚಿತ್ರ ತೆಗೆದು, ಇಬ್ಬರ ಸಹಿ ಮಾಡಿಸಿಡಿ. ಗೋದಾಮು ಗುಡಿಸಿದ ಮೇಲೆ ನಮ್ಮಂಥವರನ್ನು ಕರೆದರೆ ನಾವು ಪರಿಶೀಲಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ.