ಪೋಷಣಾ ವಿಜ್ಞಾನದ ಸ್ನಾತಕೋತ್ತರ ವ್ಯಾಸಂಗ: ರೈತರ ಮಕ್ಕಳಿಗೇಕೆ?

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾಗಿ ಕ್ಷೇತ್ರೋತ್ಸವ ಮುಗಿದು ಊಟಕ್ಕೆ ಕುಳಿತಿದ್ದೆವು. ಪಕ್ಕದಲ್ಲಿದ್ದ ರೈತರೊಬ್ಬರು ಕೇಳಿದರು: "ಮಗಳು ಸಮುದಾಯ ವಿಜ್ಞಾನದಲ್ಲಿ ಬಿ.ಎಸ್ಸಿ. ಮುಗಿಸವಳೆ. ಆಹಾರ, ಪೋಷಣೆ ಅಂತ ಇನ್ನೂ ಎರಡು ವರ್ಷ ಓದ್ತೀನಿ ಅಂತಾಳೆ. ಅಡಿಗೆ ಕಲಿಯಕ್ಕೆ ಅಷ್ಟು ಓದ್ಬೇಕಾ ಸಾರ್?" ಸ್ವಲ್ಪ ಹೊತ್ತಿನ ನಂತರ ಅವರೇ, ಮನೆಯಾಕೆಗೆ ರಕ್ತ ಕಡಿಮೆಯೆಂದು ಡಾಕ್ಟರು ಮಾತ್ರೆ ಕೊಟ್ಟಿರುವ ಸಂಗತಿಯನ್ನೂ ಹೇಳಿದರು. ಈ ಎರಡು ಮಾತುಗಳಿಗೂ ಸಂಬಂಧವಿದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ರಾಗಿ ಉಣ್ಣುವ ನಾಡಿನಲ್ಲಿ ರಕ್ತಹೀನತೆ ಏಕೆ?

ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಸುಣ್ಣಾಂಶ ಹಾಗೂ 4.6 ಮಿ.ಗ್ರಾಂ ಕಬ್ಬಿಣಾಂಶವಿರುತ್ತದೆ. ಪಾಲಿಷ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ಸುಣ್ಣಾಂಶ 10 ಮಿ.ಗ್ರಾಂಗೂ, ಕಬ್ಬಿಣಾಂಶ 1 ಮಿ.ಗ್ರಾಂಗೂ ಕಡಿಮೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆಯಿತ್ತು.

ರಕ್ತಹೀನತೆಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಹೀಗಿದೆ. ಕಾಳಿನಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ವಸ್ತುಗಳು ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಊಟದೊಡನೆ ಕುಡಿಯುವ ಕಾಫಿ, ಟೀ ಇದನ್ನು ಇನ್ನಷ್ಟು ತಗ್ಗಿಸುತ್ತವೆ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಊಟದಲ್ಲಿ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ. ಬೇಸಾಯಶಾಸ್ತ್ರಜ್ಞರಾದ ನಾವು ಎಕರೆಗೆ ಎಷ್ಟು ಕ್ವಿಂಟಾಲ್ ಎಂದು ಲೆಕ್ಕ ಹಾಕಿ ನಿಲ್ಲಿಸುತ್ತೇವೆ. ಅಲ್ಲಿಂದ ಮುಂದಿನ ಲೆಕ್ಕವೇ ಪೋಷಣಾ ವಿಜ್ಞಾನ.

ಎರಡು ವರ್ಷದಲ್ಲಿ ಕಲಿಯುವುದೇನು?

ಎಂ.ಎಸ್ಸಿ. ವ್ಯಾಸಂಗ ನಾಲ್ಕು ಸೆಮಿಸ್ಟರ್‌ಗಳದು. ದೇಹದಲ್ಲಿ ಆಹಾರ ಹೇಗೆ ಜೀರ್ಣವಾಗಿ ಬಳಕೆಯಾಗುತ್ತದೆ, ರೋಗಿಗಳ ಪಥ್ಯ, ಆಹಾರ ಸಂಸ್ಕರಣೆ, ಅಂಕಿಅಂಶ ಶಾಸ್ತ್ರ ಮೊದಲಾದವು ಪಾಠದ ವಿಷಯಗಳು. ಪ್ರಯೋಗಾಲಯದಲ್ಲಿ ಧಾನ್ಯವನ್ನು ಆಮ್ಲದಲ್ಲಿ ಕುದಿಸಿ, ಅದರ ಸಾರಜನಕವನ್ನು ಅಳೆದು, ಸಾಮಾನ್ಯವಾಗಿ 6.25ರಿಂದ ಗುಣಿಸಿ ಪ್ರೋಟೀನ್ ಎಷ್ಟೆಂದು ಕಂಡುಹಿಡಿಯುತ್ತಾರೆ. ಮಣ್ಣಿನ ಸಾರಜನಕ ಅಳೆಯಲು ನಾವು ಬಳಸುವ ಜೆಲ್ಡಾಲ್ ವಿಧಾನವೇ ಇದು. ಕೊನೆಯಲ್ಲಿ ಸಂಶೋಧನಾ ಪ್ರಬಂಧ ಬರೆಯಬೇಕು.

ಪ್ರಬಂಧಕ್ಕೆ ವಸ್ತು ದೂರವೇನಿಲ್ಲ. ಅರಸೀಕೆರೆಯ ರಾಗಿ, ತೆಂಗು. ಹಳೇಬೀಡಿನ ಸುತ್ತಲ ಆಲೂಗಡ್ಡೆ, ಮುಸುಕಿನ ಜೋಳ. ಬೇಲೂರಿನ ಭತ್ತ, ಕಾಫಿ. ಒಂದೇ ಜಿಲ್ಲೆಯಲ್ಲಿ ಬೆಳೆ ಬೇರೆಯಾದಂತೆ ಊಟವೂ ಬೇರೆ. ಮನೆ ಮನೆಗೆ ಹೋಗಿ ಹಿಂದಿನ ದಿನ ಯಾರು ಏನನ್ನು ಎಷ್ಟು ಉಂಡರೆಂದು ಕೇಳಿ ಬರೆದುಕೊಳ್ಳುವುದೂ ಒಂದು ಸಂಶೋಧನಾ ವಿಧಾನ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿಯ ತಟ್ಟೆಯಲ್ಲಿ ಏನು ಉಳಿದಿತ್ತು ಎಂಬುದು ಆಗ ತಿಳಿಯುತ್ತದೆ.

ದಾರಿ ತೋರಿದವರು

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಭಾಗವತ್ ಅವರನ್ನು, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಮೊದಲು ಸೇರಿಸಿಕೊಳ್ಳಲಿಲ್ಲ. ಅವರು ಪಟ್ಟು ಬಿಡದೆ, ಷರತ್ತುಗಳಿಗೆ ಒಪ್ಪಿ ಸೇರಿದರು. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಸಂಶೋಧನೆ ನಡೆಸಿದರು. 1939ರಲ್ಲಿ ಕೇಂಬ್ರಿಡ್ಜ್‌ನಿಂದ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಅವರು ನೀರಾದ ಪೋಷಕಾಂಶಗಳನ್ನೂ ಅಧ್ಯಯನ ಮಾಡಿದರು.

ಎಲ್ಲಿ ಓದಬಹುದು?

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ, ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯ, ಹಾಗೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ವ್ಯಾಸಂಗಕ್ಕೆ ಅವಕಾಶವಿದೆ. ಈ ಮೂರೂ ಊರುಗಳಿಗೆ ಅರಸೀಕೆರೆ ಜಂಕ್ಷನ್‌ನಿಂದ ನೇರ ರೈಲು ಸಂಪರ್ಕವಿರುವುದು ನಮ್ಮ ಭಾಗದವರಿಗೆ ಅನುಕೂಲ. ಯಾವ ಪದವಿ ಪಡೆದವರಿಗೆ ಪ್ರವೇಶ ಎಂಬುದು ಒಂದೊಂದು ಕಡೆ ಒಂದೊಂದು ಬಗೆ. ಆದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಅರ್ಜಿ ಹಾಕಬೇಕು. ಶುಲ್ಕ, ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನದ ವಿವರಗಳನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಓದಿದವರು ಆಸ್ಪತ್ರೆಗಳಲ್ಲಿ ಪಥ್ಯಾಹಾರ ತಜ್ಞರಾಗಿ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಷಯ ತಜ್ಞರಾಗಿ, ಕಾಲೇಜುಗಳಲ್ಲಿ, ಆಹಾರ ಉದ್ಯಮಗಳಲ್ಲಿ ಕೆಲಸ ಮಾಡಬಹುದು. ಪದವಿ ಬಂದ ಮಾತ್ರಕ್ಕೆ ಕೆಲಸ ಖಾತ್ರಿ ಎಂದು ಮಾತ್ರ ಯಾರೂ ತಿಳಿಯಬಾರದು.

ಆ ರೈತರಿಗೆ ನಾನು ಹೇಳಿದ್ದು ಇಷ್ಟೇ: "ಮನೆಯವರು ಮಾತ್ರೆ ನಿಲ್ಲಿಸುವುದು ಬೇಡ. ಊಟದ ಜೊತೆ ಕಾಫಿ ಬಿಡಲಿ, ನಿಂಬೆಹಣ್ಣು ಹಿಂಡಿಕೊಳ್ಳಲಿ. ಮನೆಯಲ್ಲಿ ರಾಗಿ ಇದ್ದೂ ಅವರಿಗೆ ರಕ್ತ ಯಾಕೆ ಕಡಿಮೆಯಾಯಿತು ಅಂತ ತಿಳಿಯುವುದು ಅಡಿಗೆ ಕಲಿತಷ್ಟು ಸುಲಭವಲ್ಲ. ನಿಮ್ಮ ಮಗಳು ಓದಬೇಕೆಂದಿರುವುದು ಅದನ್ನೇ." ಅವರು ತಲೆದೂಗಿ, ಅರ್ಜಿಗೆ ಕೊನೆಯ ದಿನ ಯಾವಾಗ ಎಂದು ಕೇಳಿದರು.

ರೈತ ಬಾಂಧವರೇ, ನಿಮ್ಮ ಮನೆಯಲ್ಲೂ ಇಂಥ ಆಸೆಯಿರುವ ಮಗಳೋ ಮಗನೋ ಇದ್ದರೆ ಬೇಡವೆನ್ನುವ ಮೊದಲು ಒಮ್ಮೆ ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿ ವಿಚಾರಿಸಿ.